ಬೋರ್ಷ್‌ಗೆ ಜಾಡಿಯ ಜಪ್ರಾವ್ಕಾ ಸಾಕೇ? ರಷ್ಯಾದ ರೆಡಿಮೇಡ್ ಬೀಟ್‌ರೂಟ್ ಗೊಜ್ಜಿನ ವಿಮರ್ಶೆ

ರಷ್ಯಾದ ಸೂಪರ್‌ಮಾರ್ಕೆಟ್‌ಗಳಲ್ಲಿ ಟೊಮೆಟೊ ಪೇಸ್ಟ್ ಮತ್ತು ಉಪ್ಪುನೀರಿನ ಸೌತೆಕಾಯಿ ಇಡುವ ಸಾಲಿನಲ್ಲೇ ಅರ್ಧ ಕಿಲೋ ಆಸುಪಾಸಿನ ಕೆಂಪು ಗಾಜಿನ ಜಾಡಿಗಳು ಇರುತ್ತವೆ. ಮೇಲೆ ‘ಬೋರ್ಷ್‌ಗೆ ಜಪ್ರಾವ್ಕಾ’ ಎಂದು ಬರೆದಿರುತ್ತದೆ. ಬೋರ್ಷ್ ಎಂದರೆ ಬೀಟ್‌ರೂಟ್ ಹಾಕಿ ಮಾಡುವ ಹುಳಿಸಿಹಿ ಸೂಪು. ಬೀಟ್‌ರೂಟ್, ಕ್ಯಾರೆಟ್, ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಟೊಮೆಟೊ ಪೇಸ್ಟ್, ಸಕ್ಕರೆ, ಉಪ್ಪು, ಹುಳಿ ಸೇರಿಸಿ ಬೇಯಿಸಿ ಮುಚ್ಚಿಟ್ಟ ಗೊಜ್ಜು ಅದು. ಸಾರು ಕುದಿಯುವಾಗ ಜಾಡಿ ಸುರಿದರೆ ಬೋರ್ಷ್ ಸಿದ್ಧ ಎಂಬುದು ತಯಾರಕರ ಭರವಸೆ. ಹಲವು ಕಂಪನಿಗಳು ಇದನ್ನು ತಯಾರಿಸುತ್ತವೆ. ರುಚಿಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಗುಣ ಮತ್ತು ದೋಷ ಬಹುತೇಕ ಒಂದೇ. ಆದ್ದರಿಂದ ಇಲ್ಲಿ ಯಾವುದೇ ಒಂದು ಬ್ರ್ಯಾಂಡನ್ನು ಹಿಡಿದು ಮಾತಾಡದೆ ಈ ಬಗೆಯ ಉತ್ಪನ್ನವನ್ನೇ ಅಳೆದು ನೋಡಿದೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಐದರಲ್ಲಿ ಎರಡೂವರೆ. ಜಾಡಿ ಕೆಟ್ಟದ್ದೇನಲ್ಲ. ಆದರೆ ಬೋರ್ಷ್‌ನಲ್ಲಿ ಹುಳಿ ಯಾವಾಗ, ಯಾವ ತರಕಾರಿಗೆ ತಗಲಬೇಕು ಎಂಬುದೇ ಅಡುಗೆಯ ಮುಖ್ಯ ಕೆಲಸ. ಜಾಡಿ ಆ ಕೆಲಸವನ್ನು ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ. ಉಳಿಯುವ ಸಮಯವೂ ಅಂದುಕೊಂಡಷ್ಟಿಲ್ಲ, ಏಕೆಂದರೆ ಬೋರ್ಷ್‌ನಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಮಾಂಸದ ಸಾರು. ಆ ಎರಡೂವರೆ ಗಂಟೆ ಜಾಡಿ ಕೊಂಡರೂ ತಪ್ಪುವುದಿಲ್ಲ. ಬೀಟ್‌ರೂಟ್ ಗೊಜ್ಜಿನ ನಲವತ್ತು ನಿಮಿಷ ಆ ಅವಧಿಯ ಒಳಗೇ ಮುಗಿದುಹೋಗುವಂಥದ್ದು.

ಜಾಡಿಯ ಮುಚ್ಚಳ ತೆಗೆದು ಒಳಗೆ ನೋಡಿ. ಮೇಲೆ ಕಿತ್ತಳೆ ಬಣ್ಣದ ತೆಳುವಾದ ಎಣ್ಣೆಯ ಪದರ. ಅದರ ಕೆಳಗೆ ಬೀಟ್‌ರೂಟ್ ಎಳೆಗಳು ಅಂಚು ಕರಗಿ ದುಂಡಗಾಗಿರುತ್ತವೆ, ಬೆರಳಿನಲ್ಲಿ ಒತ್ತಿದರೆ ಪೇಸ್ಟ್ ಆಗುತ್ತವೆ. ಬಣ್ಣ ಹಸಿ ಬೀಟ್‌ರೂಟಿನ ನೇರಳೆಗೆಂಪಲ್ಲ, ಇಟ್ಟಿಗೆಗೆಂಪು. ಒಂದು ಎಳೆಯನ್ನು ಬಿಳಿ ತಟ್ಟೆಯ ಮೇಲಿಟ್ಟು ಎರಡು ಹನಿ ಬಿಸಿನೀರು ಹಾಕಿದರೆ ನೀರು ಕಂದುಕಿತ್ತಳೆಯಾಗಿ ಹರಡುತ್ತದೆ. ಇದಕ್ಕೆ ಕಲಬೆರಕೆಯೇ ಕಾರಣವಾಗಬೇಕಿಲ್ಲ. ಬೀಟ್‌ರೂಟಿಗೆ ಬಣ್ಣ ಕೊಡುವ ಬೀಟಾನಿನ್ ನೀರಿನಲ್ಲಿ ಕರಗುತ್ತದೆ, ದೀರ್ಘ ಶಾಖಕ್ಕೆ ಒಡೆಯುತ್ತದೆ, ಗಾಳಿ ಮತ್ತು ಬೆಳಕಿಗೂ ಮಂಕಾಗುತ್ತದೆ. ಜಾಡಿ ತಿಂಗಳುಗಟ್ಟಲೆ ಕೆಡದಿರಲು ಅದನ್ನು ಕಾಯಿಸಿ ಕ್ರಿಮಿಶುದ್ಧಿ ಮಾಡಲೇಬೇಕು, ಆಮೇಲೆ ಅದು ಅಂಗಡಿಯ ದೀಪದಡಿ ಪಾರದರ್ಶಕ ಗಾಜಿನಲ್ಲಿ ನಿಂತಿರುತ್ತದೆ. ಕೊನೆಗೆ ಕಣ್ಣಿಗೆ ಕಾಣುವ ಕೆಂಪಿನ ಬಹುಪಾಲು ಟೊಮೆಟೊ ಮತ್ತು ಕ್ಯಾರೆಟ್‌ನದು.

ಕೊಳ್ಳಲೇಬೇಕೆಂದರೆ ಲೇಬಲ್ ಓದಿ ಕೊಳ್ಳಿ. ರಷ್ಯಾದಲ್ಲಿ ಜಾರಿಯಲ್ಲಿರುವ ಆಹಾರ ಲೇಬಲ್ ನಿಯಮದ ಪ್ರಕಾರ (ತಾಂತ್ರಿಕ ನಿಯಮಾವಳಿ 022/2011) ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಮೊದಲ ಹೆಸರು ಬೀಟ್‌ರೂಟ್ ಆಗಿರಲಿ. ನೀರು, ಕ್ಯಾರೆಟ್ ಅಥವಾ ಎಲೆಕೋಸು ಮೊದಲು ಬಂದಿದ್ದರೆ ಜಾಡಿಯನ್ನು ಅಲ್ಲೇ ಬಿಡಿ. ಸಕ್ಕರೆ ಟೊಮೆಟೊ ಪೇಸ್ಟ್‌ಗಿಂತ ಮುಂಚೆ ಇದ್ದರೆ ಸೂಪು ಸಿಹಿಯಾಗುತ್ತದೆ. ಪಿಷ್ಟ ಅಥವಾ ಬೇರೆ ಯಾವುದೇ ಗಟ್ಟಿಕಾರಕ ಇದ್ದರೆ ಸಾರು ಕದಡಿ ಲೋಳೆಯಾಗುತ್ತದೆ. ಇ 260 ಎಂದರೆ ಅಸಿಟಿಕ್ ಆಮ್ಲ, ಇ 330 ಎಂದರೆ ಸಿಟ್ರಿಕ್ ಆಮ್ಲ. ಎರಡೂ ಸರಿಯೇ, ಆದರೆ ಅಸಿಟಿಕ್ ಇರುವ ಜಾಡಿ ಬಿಸಿಯಾದಾಗ ಮೂಗಿಗೆ ಹೊಡೆಯುತ್ತದೆ. ಇ 162 ಕಂಡರೆ ಹೆದರಬೇಕಿಲ್ಲ, ಅದು ಬೀಟ್‌ರೂಟಿನಿಂದಲೇ ತೆಗೆದ ಬಣ್ಣ. ಅದನ್ನು ಸೇರಿಸಬೇಕಾಗಿ ಬಂತೆಂದರೆ ಒಳಗಿನ ಬೀಟ್‌ರೂಟ್ ತನ್ನ ಬಣ್ಣವನ್ನು ತಾನೇ ಉಳಿಸಿಕೊಂಡಿಲ್ಲ ಎಂದಷ್ಟೇ ಅರ್ಥ.

ಈಗ ಹುಳಿಯ ವಿಷಯ. ತರಕಾರಿ ಮೆತ್ತಗಾಗುವುದು ಅದರ ಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಬಿಸಿಗೆ ಕರಗಿದಾಗ. ಹುಳಿ ಇದ್ದರೆ ಪೆಕ್ಟಿನ್ ಸುಲಭಕ್ಕೆ ಕರಗುವುದಿಲ್ಲ. ಬೀಟ್‌ರೂಟಿಗೆ ಇದು ವರ: ಬಣ್ಣವೂ ನಿಲ್ಲುತ್ತದೆ, ಎಳೆಗಳೂ ಮುದ್ದೆಯಾಗುವುದಿಲ್ಲ. ಆಲೂಗಡ್ಡೆಗೆ ಇದೇ ಶಾಪ: ಹುಳಿ ಸಾರಿಗೆ ಬಿದ್ದ ಆಲೂಗಡ್ಡೆ ಮುಕ್ಕಾಲು ಗಂಟೆ ಕುದಿದರೂ ಒಳಗೆ ಗಡುಸಾಗಿಯೇ ಇರುತ್ತದೆ. ಜಾಡಿ ಬಳಸಿದವರ ಬೋರ್ಷ್‌ನಲ್ಲಿ ಆಲೂಗಡ್ಡೆ ಹಲ್ಲಿಗೆ ಕಚಕ್ ಎನ್ನಲು ಕಾರಣ ಇಷ್ಟೇ: ಗೊಜ್ಜನ್ನು ಬೇಗ ಸುರಿದಿರುತ್ತಾರೆ. ಹಾಗಾಗಿ ಜಾಡಿಯ ಗೊಜ್ಜು ಯಾವಾಗಲೂ ಕೊನೆಯಲ್ಲಿ, ಆಲೂಗಡ್ಡೆಗೆ ಚಾಕು ಸಲೀಸಾಗಿ ಇಳಿದ ಮೇಲೆಯೇ ಹೋಗಬೇಕು.

ಜಾಡಿಯನ್ನೇ ಬಳಸುವವರಿಗೆ ಅದನ್ನು ಉತ್ತಮಗೊಳಿಸುವ ದಾರಿ ಇದೆ. 3 ಲೀಟರ್ ಸಾರಿಗೆ 500 ಗ್ರಾಂ ಗೊಜ್ಜು ಸಾಕು. ಸಾರಿಗೆ ಮಾಮೂಲಿ ಉಪ್ಪಿನ ಅರ್ಧ ಮಾತ್ರ ಹಾಕಿ, ಏಕೆಂದರೆ ಜಾಡಿಯಲ್ಲಿ ಉಪ್ಪು ಧಾರಾಳವಾಗಿರುತ್ತದೆ. ಸಕ್ಕರೆ, ವಿನೆಗರ್ ಎರಡನ್ನೂ ರುಚಿ ನೋಡದೆ ಮುಟ್ಟಬೇಡಿ. ಗೊಜ್ಜನ್ನು ಬಾಣಲೆಯಲ್ಲಿ ಐದು ನಿಮಿಷ ಬಿಸಿ ಮಾಡಿದರೆ ವಿನೆಗರ್‌ನ ಹಸಿ ವಾಸನೆ ಹೋಗುತ್ತದೆ. ಬಣ್ಣಕ್ಕೆ ಹಳೆಯ ಉಪಾಯವೊಂದಿದೆ: ಒಂದು ಸಣ್ಣ ಹಸಿ ಬೀಟ್‌ರೂಟ್ ತುರಿದು, ಒಂದು ಲೋಟ ಬಿಸಿ ಸಾರು ಮತ್ತು ಅರ್ಧ ಟೀ ಚಮಚ ವಿನೆಗರ್ ಬೆರೆಸಿ, ಕುದಿ ಬರುವ ಮುನ್ನ ಒಲೆಯಿಂದ ಇಳಿಸಿ, ಕಾಲು ಗಂಟೆ ಮುಚ್ಚಿಟ್ಟು ಸೋಸಿ. ಈ ಕೆಂಪು ನೀರನ್ನು ಒಲೆ ಆರಿಸಿದ ಮೇಲೆ ಪಾತ್ರೆಗೆ ಸುರಿದರೆ ಇಟ್ಟಿಗೆ ಬಣ್ಣದ ಸೂಪು ಕಣ್ಣೆದುರೇ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಇಷ್ಟೆಲ್ಲ ಮಾಡುವ ಹೊತ್ತಿಗೆ ಬೀಟ್‌ರೂಟ್ ತುರಿಯುವ ಕೆಲಸ ಹೇಗೂ ನಿಮ್ಮ ಪಾಲಿಗೆ ಬಂದಿರುತ್ತದೆ, ಅದು ಬೇರೆ ಮಾತು.

ಮನೆಯಲ್ಲೇ ಮಾಡುವ ಬೋರ್ಷ್ ಹೀಗೆ. 4 ರಿಂದ 5 ಲೀಟರ್ ಪಾತ್ರೆಗೆ ಅಳತೆ: ಮೂಳೆಸಹಿತ ದನದ ಎದೆ ಅಥವಾ ಕಾಲಿನ ಮಾಂಸ 800 ಗ್ರಾಂ, ತಣ್ಣೀರು 3 ಲೀಟರ್, ಬೀಟ್‌ರೂಟ್ 450 ಗ್ರಾಂ, ಎಲೆಕೋಸು 300 ಗ್ರಾಂ, ಆಲೂಗಡ್ಡೆ 300 ಗ್ರಾಂ, ಕ್ಯಾರೆಟ್ 150 ಗ್ರಾಂ, ಈರುಳ್ಳಿ 150 ಗ್ರಾಂ, ಟೊಮೆಟೊ ಪೇಸ್ಟ್ ತುಂಬು 2 ದೊಡ್ಡ ಚಮಚ, 9 ಶೇಕಡಾ ವಿನೆಗರ್ 1 ದೊಡ್ಡ ಚಮಚ, ಸಕ್ಕರೆ 1 ದೊಡ್ಡ ಚಮಚ, ವಾಸನೆಯಿಲ್ಲದ ಶುದ್ಧೀಕರಿಸಿದ ಸೂರ್ಯಕಾಂತಿ ಎಣ್ಣೆ 3 ದೊಡ್ಡ ಚಮಚ, ಬೆಳ್ಳುಳ್ಳಿ 3 ಎಸಳು, ಲಾರೆಲ್ ಎಲೆ (ಬೇ ಲೀಫ್) 2, ಕರಿಮೆಣಸು 8 ಕಾಳು, ಉಪ್ಪು, ಸಬ್ಬಸಿಗೆ ಸೊಪ್ಪು.

ವಿನೆಗರ್ ಬಗ್ಗೆ ಒಂದು ಎಚ್ಚರಿಕೆ. ರಷ್ಯಾದ ಅಡುಗೆಪಾಠಗಳಲ್ಲಿ ವಿನೆಗರ್ ಎಂದರೆ ಸಾಮಾನ್ಯವಾಗಿ 9 ಶೇಕಡಾದ್ದು. ಆದರೆ ಅಲ್ಲಿನ ಅಂಗಡಿಗಳಲ್ಲಿ ಪಕ್ಕದಲ್ಲೇ 70 ಶೇಕಡಾ ಅಸಿಟಿಕ್ ಆಮ್ಲದ ‘ವಿನೆಗರ್ ಎಸೆನ್ಸ್’ ಕೂಡ ಇರುತ್ತದೆ. ಅದು ಚರ್ಮ, ಗಂಟಲು ಸುಡುವ ವಸ್ತು. ಬಳಸಲೇಬೇಕಾದರೆ 1 ಪಾಲಿಗೆ 7 ಪಾಲು ನೀರು ಬೆರೆಸಿದರೆ 9 ಶೇಕಡಾಕ್ಕೆ ಹತ್ತಿರ ಬರುತ್ತದೆ. ನೇರವಾಗಿ ಚಮಚದಲ್ಲಿ ಹಾಕುವಂತೆಯೇ ಇಲ್ಲ.

ಮಾಂಸವನ್ನು ತಣ್ಣೀರಿನಲ್ಲೇ ಇಟ್ಟು ಒಲೆ ಹಚ್ಚಿ. ಕುದಿ ಬರುವ ಹೊತ್ತಿಗೆ ಬೂದುಬಣ್ಣದ ನೊರೆ ಏಳುತ್ತದೆ, ಅದನ್ನು ಪೂರ್ತಿ ತೆಗೆಯಿರಿ. ಆಮೇಲೆ ಉರಿಯನ್ನು ಎಷ್ಟು ತಗ್ಗಿಸಬೇಕೆಂದರೆ ಅಂಚಿನಲ್ಲಿ ಒಂದೊಂದೇ ಗುಳ್ಳೆ ಏಳುತ್ತಿರಬೇಕು. ಜೋರಾಗಿ ಕುದಿಸಿದರೆ ಕೊಬ್ಬು ಒಡೆದು ಸಾರಿನೊಳಗೆ ಬೆರೆತು ಕದಡುತ್ತದೆ, ಬಾಯಿಗೆ ಜಿಡ್ಡು ಹಿಡಿಯುತ್ತದೆ. ಎರಡರಿಂದ ಎರಡೂವರೆ ಗಂಟೆ ಬೇಕು. ಉಪ್ಪು ಕೊನೆಯ ಅರ್ಧ ಗಂಟೆಯಲ್ಲಿ. ಮಾಂಸ ಮೂಳೆಯಿಂದ ಬಿಟ್ಟುಕೊಂಡಾಗ ಹೊರತೆಗೆದು ಹೋಳು ಮಾಡಿ, ಸಾರು ಸೋಸಿ.

ಬೀಟ್‌ರೂಟನ್ನು ಕೈಯಿಂದಲೇ 3 ರಿಂದ 4 ಮಿಲಿಮೀಟರ್ ದಪ್ಪದ ಉದ್ದ ಎಳೆಗಳಾಗಿ ಕತ್ತರಿಸುವುದು ಉತ್ತಮ. ತುರಿಮಣೆ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ತುರಿಯುವಾಗಲೇ ರಸ ಸೋರಿ ತಟ್ಟೆಯ ಪಾಲಾಗುತ್ತದೆ. ಕತ್ತರಿಸಿದಾಗ ಬಿಳಿ ಉಂಗುರ ಎದ್ದು ಕಾಣುವ ಗಡ್ಡೆ ಬೋರ್ಷ್‌ಗೆ ಬೇಡ. ಒಳಗೆಲ್ಲ ಒಂದೇ ಸಮ ಕಡುಗೆಂಪಿರುವ ಮಧ್ಯಮ ಗಾತ್ರದ್ದು ಬೇಕು. ರಷ್ಯಾದ ತೋಟಗಳಲ್ಲಿ ದಶಕಗಳಿಂದ ಬೆಳೆಯುತ್ತಿರುವ ‘ಬೋರ್ಡೊ 237’ ತಳಿಗೆ ಇರುವ ಹೆಸರು ಈ ಕಾರಣಕ್ಕೇ. ಉದ್ದನೆಯ ‘ಸಿಲಿಂಡ್ರಾ’ ಕೂಡ ಒಳ್ಳೆಯದು, ಅದನ್ನು ಒಂದೇ ಅಳತೆಗೆ ಕತ್ತರಿಸುವುದು ಸುಲಭ.

ಎರಡು ಚಮಚ ಎಣ್ಣೆಯಲ್ಲಿ ಎಳೆಗಳನ್ನು ಐದು ನಿಮಿಷ ಬಾಡಿಸಿ, ಕೂಡಲೇ ವಿನೆಗರ್ ಚಿಮುಕಿಸಿ. ಈ ಕ್ಷಣವನ್ನು ಗಮನಿಸಿ ನೋಡಬೇಕು: ಮಂಕಾಗತೊಡಗಿದ್ದ ಎಳೆಗಳು ವಿನೆಗರ್ ತಾಗಿದ ಕಡೆಯೆಲ್ಲ ಮತ್ತೆ ಹೊಳೆಯುತ್ತವೆ. ನಂತರ ಸಕ್ಕರೆ, ಟೊಮೆಟೊ ಪೇಸ್ಟ್. ಪೇಸ್ಟನ್ನು ಬಾಣಲೆಯ ಒಂದು ಬದಿಯಲ್ಲಿ ಒಂದು ನಿಮಿಷ ಎಣ್ಣೆಯಲ್ಲಿ ಕೈಯಾಡಿಸಿ ಆಮೇಲೆ ಬೆರೆಸಿದರೆ ಹಸಿ ವಾಸನೆ ಇರುವುದಿಲ್ಲ. ಹೊತ್ತಿಸಿದರೆ ಮಾತ್ರ ಪಾತ್ರೆಯಿಡೀ ಕಹಿ. ಒಂದು ಸೌಟು ಸಾರು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ 30 ರಿಂದ 40 ನಿಮಿಷ ಬೇಯಲಿ. ಹುಳಿಯಿಂದಾಗಿ ಬೀಟ್‌ರೂಟ್ ನಿಧಾನವಾಗಿ ಬೇಯುತ್ತದೆ, ಅವಸರಿಸಬೇಡಿ. ಇನ್ನೊಂದು ಬಾಣಲೆಯಲ್ಲಿ ಉಳಿದ ಎಣ್ಣೆಗೆ ಈರುಳ್ಳಿ, ಕ್ಯಾರೆಟ್ ಹಾಕಿ ಹೊಂಬಣ್ಣ ಬರುವ ತನಕ ಬಾಡಿಸಿ.

ಇತ್ತ ಕುದಿಯುವ ಸಾರಿಗೆ ಆಲೂಗಡ್ಡೆ. ಹತ್ತು ನಿಮಿಷ ಕಳೆದು ಎಲೆಕೋಸು. ಚಳಿಗಾಲಕ್ಕೆ ದಾಸ್ತಾನು ಮಾಡಿದ ಗಟ್ಟಿ ಎಲೆಕೋಸಾದರೆ ಆಲೂಗಡ್ಡೆಯ ಜೊತೆಗೇ ಹಾಕಿ. ಬೇಸಿಗೆಯ ಎಳೆ ಕೋಸಾದರೆ ಬೀಟ್‌ರೂಟಿನ ಜೊತೆ ಹಾಕಿದರೂ ನಡೆಯುತ್ತದೆ. ಆಲೂಗಡ್ಡೆ ಬೆಂದಿದೆ ಎಂದು ಖಾತ್ರಿಯಾದ ಮೇಲೆ ಈರುಳ್ಳಿ–ಕ್ಯಾರೆಟ್, ಬೀಟ್‌ರೂಟ್, ಮೆಣಸು, ಲಾರೆಲ್ ಎಲೆ, ಮಾಂಸ ಎಲ್ಲವನ್ನೂ ಸೇರಿಸಿ ಐದರಿಂದ ಏಳು ನಿಮಿಷ ಸಣ್ಣಗೆ ಕುದಿಸಿ. ಜಜ್ಜಿದ ಬೆಳ್ಳುಳ್ಳಿ, ಸಬ್ಬಸಿಗೆ ಹಾಕಿ ಒಲೆ ಆರಿಸಿ, ಅರ್ಧ ಗಂಟೆ ಮುಚ್ಚಿಡಿ. ಲಾರೆಲ್ ಎಲೆಯನ್ನು ಆಮೇಲೆ ತೆಗೆದುಹಾಕಿ, ರಾತ್ರಿಯಿಡೀ ಬಿಟ್ಟರೆ ಒಗರು ಬಿಡುತ್ತದೆ. ಬೀಟ್‌ರೂಟ್ ಬಿದ್ದ ಮೇಲೆ ಸೂಪನ್ನು ಕೊತಕೊತ ಕುದಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ: ಕಾಲು ಗಂಟೆಯಲ್ಲಿ ಕೆಂಪು ಕಿತ್ತಳೆಗೆ ಇಳಿಯುತ್ತದೆ.

ಈ ಬೋರ್ಷ್‌ಗೂ ಜಾಡಿಯ ಬೋರ್ಷ್‌ಗೂ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ? ಮೊದಲ ಚಮಚದಲ್ಲಿ ಅಷ್ಟಾಗಿ ಇಲ್ಲ. ಟೊಮೆಟೊ, ಸಕ್ಕರೆ, ಉಪ್ಪು ನಾಲಿಗೆಯನ್ನು ಕೂಡಲೇ ಒಪ್ಪಿಸಿಬಿಡುತ್ತವೆ. ಅರ್ಧ ಬಟ್ಟಲು ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ: ಜಾಡಿಯದ್ದರಲ್ಲಿ ತರಕಾರಿಗಳೆಲ್ಲ ಒಂದೇ ರುಚಿ. ಮನೆಯದ್ದರಲ್ಲಿ ಬೀಟ್‌ರೂಟಿಗೆ ಮಣ್ಣಿನ ಘಮದ ಸಿಹಿ ಇರುತ್ತದೆ, ಕೋಸಿಗೆ ಅದರದೇ ಕಸುವು ಇರುತ್ತದೆ, ಆಲೂಗಡ್ಡೆ ಅವೆರಡರ ಹುಳಿಸಿಹಿಯ ನಡುವೆ ಬಾಯಿಗೆ ತುಸು ವಿರಾಮ ಕೊಡುತ್ತದೆ.

ಸಮಯವೇ ಇಲ್ಲದವರಿಗೆ ನನ್ನ ಶಿಫಾರಸು ಜಾಡಿಯಲ್ಲ, ಬೇಯಿಸಿ ಸಿಪ್ಪೆ ತೆಗೆದು ವ್ಯಾಕ್ಯೂಮ್ ಪ್ಯಾಕ್ ಮಾಡಿದ ಬೀಟ್‌ರೂಟ್. ಐದರಲ್ಲಿ ನಾಲ್ಕು ಕೊಡಬಹುದಾದ ಸರಕು. ಸಾಮಾನ್ಯವಾಗಿ ಒಳಗೆ ಬೀಟ್‌ರೂಟ್ ಬಿಟ್ಟು ಬೇರೇನೂ ಇರುವುದಿಲ್ಲ, ಹುಳಿ, ಉಪ್ಪು, ಸಕ್ಕರೆಯ ಲೆಕ್ಕ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಸಿಪ್ಪೆಯೊಳಗೇ ಬೆಂದ ಗಡ್ಡೆಯಾದರೆ ಬಣ್ಣವೂ ಹೆಚ್ಚು ಸೋರಿರುವುದಿಲ್ಲ. ಆದರೆ ಬಳಸುವ ಕ್ರಮ ಬೇರೆ. ಬೆಂದ ಬೀಟ್‌ರೂಟನ್ನು ನಲವತ್ತು ನಿಮಿಷ ಬಾಡಿಸಬಾರದು. ಎಳೆಗಳಾಗಿ ಕತ್ತರಿಸಿ ವಿನೆಗರ್, ಸಕ್ಕರೆ ಸವರಿ ಹತ್ತು ನಿಮಿಷ ಬಿಡಿ. ಟೊಮೆಟೊ ಪೇಸ್ಟನ್ನು ಈರುಳ್ಳಿ–ಕ್ಯಾರೆಟ್ ಜೊತೆ ಹುರಿದು ಮೊದಲು ಸಾರಿಗೆ ಹಾಕಿ, ಬೀಟ್‌ರೂಟನ್ನು ಒಲೆ ಆರಿಸುವ ಎರಡು ನಿಮಿಷ ಮುಂಚೆ ಸೇರಿಸಿ. ಪ್ಯಾಕೆಟಿನ ತಳದಲ್ಲಿ ನಿಂತ ಕೆಂಪು ರಸವನ್ನು ಚೆಲ್ಲಬೇಡಿ, ಅದನ್ನೂ ಹಾಕಿ. ಪ್ಯಾಕ್ ಗಾಳಿ ತುಂಬಿ ಉಬ್ಬಿದ್ದರೆ ಕೊಳ್ಳಲೇಬಾರದು. ಮನೆಯಲ್ಲಿ ಓವನ್ ಇದ್ದರೆ ಫಾಯಿಲ್‌ನಲ್ಲಿ ಸುತ್ತಿ 190 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಯಿಸಿದ ಬೀಟ್‌ರೂಟ್ ಇದಕ್ಕಿಂತಲೂ ಒಂದು ಕೈ ಮೇಲು.

ಫ್ರೀಜರ್ ಸಾಲಿನ ಬೋರ್ಷ್ ತರಕಾರಿ ಮಿಶ್ರಣದಲ್ಲಿ ಬೀಟ್‌ರೂಟ್, ಕೋಸು, ಆಲೂಗಡ್ಡೆ, ಕ್ಯಾರೆಟ್ ಎಲ್ಲ ಒಟ್ಟಿಗೇ ಇರುತ್ತವೆ, ಒಂದೊಂದನ್ನು ಅದರದರ ಹೊತ್ತಿಗೆ ಹಾಕುವ ಅವಕಾಶವೇ ಇಲ್ಲ. ಪುಡಿಯ ಪ್ಯಾಕೆಟ್ ಸೂಪುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮೇಲೆ ಹಾಕುವ ಸ್ಮೆತಾನಾ, ಅಂದರೆ ಹುಳಿಕೆನೆಯ ವಿಷಯದಲ್ಲಿ ಜಿಪುಣತನ ಬೇಡ. 20 ಶೇಕಡಾ ಕೊಬ್ಬಿನದ್ದು ಬೋರ್ಷ್‌ಗೆ ಸರಿಹೊಂದುತ್ತದೆ. 10 ಶೇಕಡಾದ್ದು ಬಿಸಿಗೆ ಬೇಗ ಒಡೆದು ಬಿಳಿ ಚುಕ್ಕೆಗಳಾಗುತ್ತದೆ. ಡಬ್ಬಿಯ ಮೇಲೆ ‘ಸ್ಮೆತಾನಾ’ ಎಂದೇ ಇರಬೇಕು, ಪದಾರ್ಥಗಳಲ್ಲಿ ಕೆನೆ ಮತ್ತು ಹೆಪ್ಪು ಇಷ್ಟೇ. ಹೆಸರನ್ನು ತುಸು ತಿರುಚಿದ, ಸಸ್ಯಜನ್ಯ ಕೊಬ್ಬು ಸೇರಿಸಿದ ಡಬ್ಬಿಗಳು ಅದೇ ಕಪಾಟಿನಲ್ಲಿರುತ್ತವೆ, ಅವು ಸೂಪಿನ ಮೇಲೆ ಎಣ್ಣೆಯ ಕಣ್ಣುಗಳನ್ನು ಬಿಡುತ್ತವೆ. ಸ್ಮೆತಾನಾವನ್ನು ಪಾತ್ರೆಗೆ ಹಾಕದೆ ಬಟ್ಟಲಿಗೇ ಹಾಕಬೇಕು. ಜೊತೆಗೆ ಕೊತ್ತಂಬರಿ ಬೀಜದ ಘಮವಿರುವ ಕಪ್ಪು ಬೊರೊದಿನ್ಸ್ಕಿ ಬ್ರೆಡ್ ಇದ್ದರೆ ಮತ್ತೇನೂ ಬೇಡ.

ಮಾಂಸ ತಿನ್ನದವರು ಈ ಸೂಪನ್ನು ದೂರ ಇಡಬೇಕಿಲ್ಲ. ಈಸ್ಟರ್‌ಗೆ ಮುಂಚಿನ ಮಹಾ ಉಪವಾಸದ ದಿನಗಳಲ್ಲಿ ರಷ್ಯಾದ ಆರ್ಥೊಡಾಕ್ಸ್ ಮನೆಗಳಲ್ಲಿ ಮಾಂಸ, ಹಾಲು ಎರಡೂ ಇಲ್ಲದ ಬೋರ್ಷ್ ಮಾಡುತ್ತಾರೆ. ಅದು ಬಡವರ ಬದಲಿ ಸೂಪಲ್ಲ, ತನ್ನದೇ ಘನತೆ ಇರುವ ಅಡುಗೆ. 40 ಗ್ರಾಂ ಒಣಗಿದ ಬಿಳಿ ಅಣಬೆಯನ್ನು (ಪೊರ್ಚಿನಿ) ಎರಡು ಮೂರು ಗಂಟೆ ನೆನೆಸಿ, ಆ ನೀರನ್ನು ಬಟ್ಟೆಯಲ್ಲಿ ಸೋಸಿ (ತಳದಲ್ಲಿ ಮರಳು ಇರುತ್ತದೆ), ಅದೇ ನೀರಿನೊಂದಿಗೆ 40 ನಿಮಿಷ ಬೇಯಿಸಿದರೆ ಸಾರು ಸಿದ್ಧ. ರಾತ್ರಿ ನೆನೆಸಿ ಬೇರೆಯಾಗಿ ಮೆತ್ತಗೆ ಬೇಯಿಸಿದ 150 ಗ್ರಾಂ ಬಿಳಿ ಬೀನ್ಸ್ ಸೇರಿಸಿ. ಬೀನ್ಸ್ ಕೂಡ ಆಲೂಗಡ್ಡೆಯ ಹಾಗೆಯೇ ಹುಳಿಯಲ್ಲಿ ಬೇಯಲು ಮೊಂಡು ಹಿಡಿಯುತ್ತದೆ, ಅದಕ್ಕೇ ಬೇರೆಯಾಗಿ ಬೇಯಿಸುವುದು. ಜಾಡಿಯ ಗೊಜ್ಜು ಎಲ್ಲಾದರೂ ತುಸು ಗೆಲ್ಲುತ್ತದೆ ಎಂದರೆ ಇಲ್ಲಿ: ಬೀನ್ಸ್, ಅಣಬೆಯ ಮಂದ ರುಚಿಗೆ ಅದರ ಕಟು ಹುಳಿ ಹೊಂದಿಕೊಳ್ಳುತ್ತದೆ.

ಬೋರ್ಷ್ ಯಾರದ್ದು ಎಂಬ ಪ್ರಶ್ನೆಗೂ ಒಂದು ಮಾತು ಸಲ್ಲಬೇಕು. ಉಕ್ರೇನಿನ ಬೋರ್ಷ್ ಅಡುಗೆಯ ಸಂಸ್ಕೃತಿಯನ್ನು ಯುನೆಸ್ಕೊ 2022ರ ಜುಲೈನಲ್ಲಿ ತುರ್ತು ರಕ್ಷಣೆ ಬೇಕಾದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ರಷ್ಯಾದಲ್ಲೂ ಅದಕ್ಕೆ ತನ್ನದೇ ರೂಪಗಳಿವೆ. ಮಾಸ್ಕೋ ಬೋರ್ಷ್‌ನಲ್ಲಿ ಆಲೂಗಡ್ಡೆ ಇರುವುದಿಲ್ಲ, ದನದ ಮಾಂಸದ ಜೊತೆ ಹ್ಯಾಮ್ ಮತ್ತು ಸಾಸೇಜ್ ಇರುತ್ತದೆ. ನೌಕಾಪಡೆಯ ಬೋರ್ಷ್‌ಗೆ ಹೊಗೆಯಾಡಿಸಿದ ಹಂದಿಮಾಂಸ ಬೀಳುತ್ತದೆ, ತರಕಾರಿಯನ್ನು ಎಳೆಗಳಾಗಿ ಅಲ್ಲ, ದೊಡ್ಡ ಹೋಳುಗಳಾಗಿ ಕತ್ತರಿಸುತ್ತಾರೆ. ಜಾಡಿಯ ಗೊಜ್ಜು ಇವೆಲ್ಲವನ್ನೂ ಒಂದೇ ಅಚ್ಚಿಗೆ ಸುರಿಯುತ್ತದೆ ಎಂಬುದು ನನ್ನ ದೊಡ್ಡ ತಕರಾರು.

ತಪ್ಪುಗಳನ್ನು ಸರಿಪಡಿಸುವ ಬಗ್ಗೆಯೂ ಹೇಳಬೇಕು. ಬಣ್ಣ ಹೋಗಿದ್ದರೆ ಮೇಲೆ ಹೇಳಿದ ಕೆಂಪು ನೀರು. ಅತಿ ಸಿಹಿಯಾಗಿದ್ದರೆ ಉಪ್ಪು ಹಾಕಬೇಡಿ, ಅರ್ಧ ಚಮಚ ವಿನೆಗರ್ ಅಥವಾ ನಿಂಬೆರಸ ಹಾಕಿ ಐದು ನಿಮಿಷ ಬಿಡಿ. ಸಪ್ಪೆ ಎನಿಸಿದರೂ ಬಹುತೇಕ ಸಲ ಕೊರತೆ ಇರುವುದು ಹುಳಿಯದೇ. ಆಲೂಗಡ್ಡೆ ಗಡುಸಾಗಿದ್ದರೆ ಮಾತ್ರ ಸುಲಭ ಪರಿಹಾರವಿಲ್ಲ: ಹೋಳುಗಳನ್ನು ಆರಿಸಿ ತೆಗೆದು ಬರೀ ನೀರಿನಲ್ಲಿ ಬೇಯಿಸಿ ಮರಳಿ ಹಾಕಬೇಕು. ಸೋಡಾ ಹಾಕಿ ಹುಳಿ ತಗ್ಗಿಸಲು ಹೋದರೆ ಬೀಟಾನಿನ್ ಕಂದಿ ಸೂಪು ಕೊಳಕು ಕಂದುಬಣ್ಣಕ್ಕೆ ತಿರುಗುತ್ತದೆ.

ಬೋರ್ಷ್ ಮರುದಿನ ಇನ್ನೂ ರುಚಿ. ಒಲೆ ಆರಿಸಿದ ಎರಡು ಗಂಟೆಯೊಳಗೆ ತಣಿಸಿ ಫ್ರಿಜ್‌ಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು ಬಿಸಿ ಮಾಡಿ, ಇಡೀ ಪಾತ್ರೆಯನ್ನು ದಿನವೂ ಕುದಿಸಿದರೆ ಬಣ್ಣ ದಿನದಿಂದ ದಿನಕ್ಕೆ ಇಳಿಯುತ್ತದೆ.

ಜಾಡಿಗೆ ನಿಜವಾದ ಪ್ರತಿಸ್ಪರ್ಧಿ ನಿಮ್ಮದೇ ಫ್ರೀಜರ್. ಒಂದು ಸಲಕ್ಕೆ ಬೀಟ್‌ರೂಟ್ ಗೊಜ್ಜನ್ನು ಮೂರು ಪಟ್ಟು ಅಳತೆಯಲ್ಲಿ ಮಾಡಿ, ಆರಿಸಿ, ಒಂದು ಪಾತ್ರೆ ಬೋರ್ಷ್‌ಗೆ ಬೇಕಾಗುವಷ್ಟನ್ನು ಒಂದೊಂದು ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು ತಟ್ಟೆಯಂತೆ ಚಪ್ಪಟೆಯಾಗಿ ಹೆಪ್ಪುಗಟ್ಟಿಸಿ. ಮೂರು ತಿಂಗಳು ಇಡಬಹುದು. ಬಳಸುವಾಗ ಕರಗಿಸುವ ಅಗತ್ಯವಿಲ್ಲ. ಆಲೂಗಡ್ಡೆ, ಕೋಸು ಬೆಂದ ಮೇಲೆ ಹಾಗೆಯೇ ಮುರಿದು ಸಾರಿಗೆ ಹಾಕಿ, ಮತ್ತೆ ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ.